ಬೇಳೆ ಬೇಯದ ನೀರಿನಲ್ಲಿ ಗೋಲ್ಡ್ ಫಿಶ್ ಸಾಕುವುದು ಹೇಗೆ?

ನನಗೆ ಬರುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ. "ಗೋಲ್ಡ್ ಫಿಶ್ ತಂದು ಹದಿನೈದು ದಿನ ಆಯ್ತು. ಚೆನ್ನಾಗೇ ಇತ್ತು. ನಿನ್ನೆಯಿಂದ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ. ಏನು ಔಷಧಿ ಹಾಕಲಿ?" ನೀರು ಬದಲಾಯಿಸುತ್ತೀರಾ ಅಂತ ಕೇಳಿದರೆ ಉತ್ತರವೂ ಒಂದೇ. "ಮೂರು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲಾ ಉಜ್ಜಿ ತೊಳೀತೀನಿ."

ತೊಂದರೆ ಇರುವುದು ಆ ತೊಳೆಯುವುದರಲ್ಲೇ. ನಮ್ಮ ಮನೆಗಳಲ್ಲಿ ಕಾಯಿಲೆಯಿಂದ ಸಾಯುವ ಮೀನಿಗಿಂತ, ಮನೆಯವರು ಪ್ರೀತಿಯಿಂದ ಜಾಸ್ತಿ ತೊಳೆದು, ಜಾಸ್ತಿ ತಿನ್ನಿಸಿ ಸಾಯಿಸುವ ಮೀನೇ ಹೆಚ್ಚು. ಸರಿಯಾಗಿ ಸಾಕಿದರೆ ಗೋಲ್ಡ್ ಫಿಶ್ ಹತ್ತು ವರ್ಷ ಆರಾಮಾಗಿ ಬದುಕುತ್ತದೆ. ಇಂಗ್ಲೆಂಡಿನಲ್ಲಿ ಟಿಶ್ ಎಂಬ ಒಂದು ಗೋಲ್ಡ್ ಫಿಶ್ 43 ವರ್ಷ ಬದುಕಿ 1999ರಲ್ಲಿ ತೀರಿಕೊಂಡಿತು. ನಮ್ಮದು ಹದಿನೈದು ದಿನ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ, ಅಲ್ವಾ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ನೀರು, ಬಿಸಿಲು, ಕರೆಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಒಂದೊಂದೇ ಹಂತವಾಗಿ ಮಾಡಿ. ಮೀನು ಬರುವುದು ನಾಲ್ಕನೇ ಹಂತಕ್ಕೆ. ಅಲ್ಲಿಯವರೆಗೆ ಮಕ್ಕಳನ್ನು ಸಮಾಧಾನ ಮಾಡುವುದು ನಿಮ್ಮ ಜವಾಬ್ದಾರಿ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು: ಗಾಜಿನ ಟ್ಯಾಂಕ್, ಅದಕ್ಕೆ ಗಟ್ಟಿ ಸ್ಟ್ಯಾಂಡು, ಫಿಲ್ಟರ್, ಏರ್ ಪಂಪು, ಥರ್ಮಾಮೀಟರ್, ನೀರು ಎಳೆಯುವ ಸೈಫನ್ ಪೈಪು, ಕ್ಲೋರಿನ್ ತೆಗೆಯುವ ದ್ರವ (ಅಂಗಡಿಯಲ್ಲಿ 'ಆಂಟಿ ಕ್ಲೋರಿನ್' ಎಂದೇ ಕೇಳಿ), ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಟೆಸ್ಟ್ ಕಿಟ್, ಮೀನಿಗೆ ಮಾತ್ರ ಅಂತ ಎತ್ತಿಟ್ಟ ಎರಡು ಬಕೆಟ್. ಆ ಬಕೆಟ್‌ಗಳಲ್ಲಿ ಒಂದು ಸಲವೂ ಬಟ್ಟೆ ನೆನೆಸಬಾರದು. ಸೋಪಿನ ಅಂಶ ಪ್ಲಾಸ್ಟಿಕ್ಕಿನಲ್ಲಿ ಉಳಿಯುತ್ತದೆ.

1. ನಿಮ್ಮ ಮನೆಯ ನೀರು ಯಾವುದು ಎಂದು ತಿಳಿದುಕೊಳ್ಳಿ

ನಮ್ಮ ಕಡೆ ಒಂದೇ ಮನೆಗೆ ಮೂರು ನಾಲ್ಕು ಥರದ ನೀರು ಬರುತ್ತದೆ. ನಲ್ಲಿಯಲ್ಲಿ ಬರುವುದೊಂದು, ಬೋರ್‌ವೆಲ್‌ನದೊಂದು, ಟ್ಯಾಂಕರ್‌ನದೊಂದು, ಕುಡಿಯಲು ತರುವ ಕ್ಯಾನ್ ನೀರು ಇನ್ನೊಂದು. ಇವು ನಾಲ್ಕೂ ಮೀನಿಗೆ ಬೇರೆ ಬೇರೆ.

ನಲ್ಲಿ ನೀರು: ತುಮಕೂರಿಗೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ, ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು, ಕೋಲಾರಕ್ಕೆ ಯರಗೋಳ್. ಯಾವುದೇ ಇರಲಿ, ಶುದ್ಧ ಮಾಡಿ ಬಿಡುವ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ಒಳ್ಳೆಯದು, ಮೀನಿನ ಕಿವಿರಿಗೆ ಉರಿ. ಬಕೆಟ್ಟಿನಲ್ಲಿ ಹಿಡಿದು, ಏರ್ ಪಂಪಿನ ಕಲ್ಲು ಹಾಕಿ ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರ ಇದ್ದರೆ ಆಂಟಿ ಕ್ಲೋರಿನ್ ಹಾಕಿ. ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಎರಡೂ ಮಾಡಿ.

ಬೋರ್ ನೀರು: ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ನಲ್ಲಿ ಬಾಯಿಗೆ ಬಿಳಿ ಗಾರೆ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಕರಗಿರುವ ಈ ನೀರಿಗೆ ಗಡಸು ನೀರು ಎನ್ನುತ್ತಾರೆ. ಇದನ್ನು ನೋಡಿ ಹೆದರುವವರೇ ಜಾಸ್ತಿ. ಆದರೆ ಗೋಲ್ಡ್ ಫಿಶ್, ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೀನುಗಳಿಗೆ ಗಡಸು ನೀರು ಇಷ್ಟವೇ. ನಿಯಾನ್ ಟೆಟ್ರಾ, ಡಿಸ್ಕಸ್ ಥರದ ಮೀನುಗಳಿಗೆ ಮಾತ್ರ ಆಗುವುದಿಲ್ಲ. ಅವುಗಳ ಆಸೆ ಬಿಡಿ, ಮುಕ್ಕಾಲು ಪಾಲು ತಲೆನೋವು ಹೋಗುತ್ತದೆ. ಬೋರ್ ನೀರಿನ ನಿಜವಾದ ಕೊರತೆ ಇನ್ನೊಂದು. ಆಳದಿಂದ ಬರುವ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ಮೇಲಾಗಿ ಕೆಲವು ಕಡೆ ಅದು ಬೆಚ್ಚಗೂ ಇರುತ್ತದೆ. ಮೋಟರ್ ಹಾಕಿ ಪೈಪಿನಿಂದ ನೇರವಾಗಿ ಟ್ಯಾಂಕಿಗೆ ಬಿಡಬೇಡಿ. ಒಂದು ರಾತ್ರಿ ಬಕೆಟ್ಟಿನಲ್ಲಿ ಗಾಳಿ ಆಡಿಸಿ, ಆಮೇಲೆ ಹಾಕಿ.

ಕ್ಯಾನ್ ನೀರು: ಊರಿನ ಶುದ್ಧ ನೀರಿನ ಘಟಕದಿಂದ ತರುವ ಆರ್‌ಒ ನೀರು. "ನಾವು ಕುಡಿಯೋ ನೀರೇ ಹಾಕಿದ್ದೀನಿ ಸಾರ್, ಆದರೂ ಸತ್ತೋಯ್ತು" ಎಂದು ಬೇಜಾರು ಮಾಡಿಕೊಳ್ಳುವವರು ಬಹಳ. ಆರ್‌ಒದಲ್ಲಿ ಉಪ್ಪು, ಖನಿಜ ಬಹುಪಾಲು ತೆಗೆದುಬಿಟ್ಟಿರುತ್ತಾರೆ. ಆ ಖನಿಜವೇ ನೀರಿನ ಪಿಎಚ್ ಅನ್ನು ಹಿಡಿದು ನಿಲ್ಲಿಸುವುದು. ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ. 7 ನಡುವಿನದು, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಬರೀ ಆರ್‌ಒ ನೀರಿನ ಟ್ಯಾಂಕಿನಲ್ಲಿ ಪಿಎಚ್ ಯಾವಾಗ ಬೇಕಾದರೂ ಧಡಾರನೆ ಕುಸಿಯಬಹುದು. ಪೂರ್ತಿ ಆರ್‌ಒ ನೀರು ಬೇಡವೇ ಬೇಡ.

ಟಿಡಿಎಸ್ ಮೀಟರ್ ಒಂದನ್ನು ಕೊಂಡರೆ ಒಳ್ಳೆಯದು. ನೀರಿನಲ್ಲಿ ಒಟ್ಟು ಎಷ್ಟು ಉಪ್ಪು, ಖನಿಜ ಕರಗಿದೆ ಅಂತ ತೋರಿಸುವ ಪೆನ್ನಿನಂಥ ಉಪಕರಣ ಅದು, ಬೆಲೆ ಜಾಸ್ತಿ ಇಲ್ಲ. ನಿಮ್ಮ ಬೋರ್ ನೀರು 1000 ದಾಟಿ ತೋರಿಸಿದರೆ ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿ. ಅದಕ್ಕಿಂತ ಕಡಿಮೆ ಇದ್ದರೆ ಬೋರ್ ನೀರೇ ಸಾಕು. ಒಂದು ಸಲ ಯಾವ ಬೆರಕೆಗೆ ನಿಂತಿರೋ ಅದನ್ನೇ ಮುಂದುವರಿಸಿ. ಮೀನಿಗೆ ಕೆಟ್ಟ ನೀರಿಗಿಂತ, ದಿನಕ್ಕೊಂದು ಥರದ ನೀರು ಕೆಟ್ಟದ್ದು.

ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್ ಮನೆಯಲ್ಲಿದ್ದರೆ, ನೀರು ಅದರೊಳಗೆ ಹೋಗುವುದಕ್ಕೆ ಮುಂಚಿನ ನಲ್ಲಿಯಿಂದ ಹಿಡಿಯಿರಿ. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಬದಲಿಗೆ ಸೋಡಿಯಂ ಸೇರಿಸುತ್ತದೆ. ಟಿಡಿಎಸ್ ಇಳಿಯುವುದಿಲ್ಲ, ಮೀನಿಗೆ ಲಾಭವೂ ಇಲ್ಲ.

2. ಟ್ಯಾಂಕ್: ಬಟ್ಟಲನ್ನು ಮರೆತುಬಿಡಿ

ಗುಂಡನೆಯ ಗಾಜಿನ ಬಟ್ಟಲು ನೋಡಲು ಚೆಂದ. ಅದರಲ್ಲಿ ಅರ್ಧ ಕೊಳಗ ನೀರು, ಫಿಲ್ಟರ್ ಇಡಲು ಜಾಗವಿಲ್ಲ, ಗಾಳಿ ತಾಗುವ ಮೇಲ್ಮೈ ಕಡಿಮೆ. ಗೋಲ್ಡ್ ಫಿಶ್ ಕಾರ್ಪ್ ಜಾತಿಯ ಮೀನು. ನಾವು ಊಟಕ್ಕೆ ತರುವ ಗೆಂಡೆಯ ನೆಂಟ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟು ಕಾಣುವುದು ಬೆಳೆದರೆ ಅಂಗೈ ಮೀರುತ್ತದೆ. ಉದ್ದ ಮೈಯ ಕಾಮೆಟ್ ಜಾತಿ ಒಂದು ಅಡಿಯವರೆಗೂ ಬೆಳೆಯಬಹುದು. "ಟ್ಯಾಂಕ್ ಚಿಕ್ಕದಿದ್ದರೆ ಮೀನೂ ಚಿಕ್ಕದಾಗೇ ಇರುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಿಕ್ಕದಾಗಿ ಉಳಿಯುವುದು ಕೆಟ್ಟ ನೀರಿನಿಂದ ಬೆಳವಣಿಗೆ ಕುಂಠಿತವಾಗಿ.

ಲೆಕ್ಕ ಸುಲಭ. ಒಂದು ಘನ ಅಡಿಯಲ್ಲಿ ಸುಮಾರು 28 ಲೀಟರ್ ನೀರು. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 125 ಲೀಟರ್. ಇದರಲ್ಲಿ ಗುಂಡು ಮೈಯ ಎರಡು ಗೋಲ್ಡ್ ಫಿಶ್ ಸಾಕಬಹುದು, ತೀರಾ ಅಂದರೆ ಮೂರು. ನಿಮ್ಮಲ್ಲಿ ಜಾಗ ಇರುವುದು 2 ಅಡಿ ಟ್ಯಾಂಕಿಗೆ ಮಾತ್ರವೇ? ಹಾಗಾದರೆ ಗೋಲ್ಡ್ ಫಿಶ್ ಬೇಡ, ಎಂಟು ಹತ್ತು ಗಂಡು ಗಪ್ಪಿ ಸಾಕಿ. ಹೆಣ್ಣು ತಂದರೆ ಮೂರು ತಿಂಗಳಲ್ಲಿ ಬೀದಿಗೆಲ್ಲಾ ಹಂಚಬೇಕಾಗುತ್ತದೆ.

125 ಲೀಟರ್ ಅಂದರೆ ನೀರೇ 125 ಕೆಜಿ. ಗಾಜು, ಕಲ್ಲು ಸೇರಿದರೆ ಒಂದೂವರೆ ಕ್ವಿಂಟಾಲ್ ದಾಟುತ್ತದೆ. ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಬೇಡ. ಅಡಿಗೆ ಥರ್ಮಾಕೋಲ್ ಹಾಳೆ ಹಾಸಿ, ಮಟ್ಟ ನೋಡಿ ಇಡಿ. ಕಿಟಕಿಯ ನೇರ ಬಿಸಿಲು ಬೀಳಬಾರದು. ಬಿದ್ದರೆ ಪಾಚಿ ಹಿಡಿಯುತ್ತದೆ, ನೀರೂ ಕಾಯುತ್ತದೆ. ಮನೆಯೊಳಗೆ ಇಡುವ ಮುಂಚೆ ಹೊರಗೆ ಒಂದು ದಿನ ನೀರು ತುಂಬಿ ಸೋರುತ್ತದಾ ನೋಡಿ.

ತಳಕ್ಕೆ ಮೀನಿನ ಬಾಯಿಗಿಂತ ದೊಡ್ಡ ನುಣುಪು ಕಲ್ಲು ಹಾಕಿ, ಇಲ್ಲವೇ ಏನೂ ಹಾಕಬೇಡಿ. ಗೋಲ್ಡ್ ಫಿಶ್‌ಗೆ ತಳ ಕೆದಕುವ ಅಭ್ಯಾಸ. ಬಣ್ಣದ ಸಣ್ಣ ಜಲ್ಲಿ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೂಪು ಪ್ಲಾಸ್ಟಿಕ್ ಗಿಡ ಬಾಲ ಹರಿಯುತ್ತದೆ.

ಫಿಲ್ಟರ್ ಕೊಳ್ಳುವಾಗ ಡಬ್ಬದ ಮೇಲೆ ಗಂಟೆಗೆ ಎಷ್ಟು ಲೀಟರ್ ಎಂದು ಬರೆದಿರುತ್ತಾರೆ. ಅದು ಟ್ಯಾಂಕಿನ ನೀರಿನ ಐದಾರು ಪಟ್ಟು ಇರಲಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ನೇತುಹಾಕಿ. ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ವಾಪಸ್ ಬಂದು ಪಂಪಿಗೆ, ಪ್ಲಗ್ಗಿಗೆ ಇಳಿಯುತ್ತದೆ. ಟ್ಯಾಂಕಿನೊಳಗೆ ಕೈ ಹಾಕುವ ಮುಂಚೆ ಎಲ್ಲಾ ಸ್ವಿಚ್ಚೂ ಆರಿಸುವ ಅಭ್ಯಾಸ ಮಾಡಿಕೊಳ್ಳಿ.

3. ಮೀನಿಲ್ಲದೆ ಒಂದು ತಿಂಗಳು: ನೀರಿಗೆ ಹೆಪ್ಪು ಹಾಕುವುದು

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಇಡೀ ವಿಷಯ ನಿಂತಿರುವುದೂ ಇದರ ಮೇಲೆಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಕಾಳಿನಿಂದ ಅಮೋನಿಯಾ ಬರುತ್ತದೆ. ಇದು ವಿಷ. ನೀರಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಬೆಳೆದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ತೊಂದರೆ ಬಹಳ ಕಡಿಮೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಈ ಸರಪಳಿ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ ಕಡಿಮೆ, ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲಿನ ಮೇಲಿನ ಲೋಳೆಯಲ್ಲಿ ಜಾಸ್ತಿ. ಕೊಳೆ ಅಂತ ನಾವು ಉಜ್ಜಿ ತೆಗೆಯುವುದು ಅದನ್ನೇ.

ಹೊಸ ಟ್ಯಾಂಕಿಗೆ ಮೀನು ಬಿಟ್ಟರೆ ಮೊದಲ ವಾರ ಚೆನ್ನಾಗಿರುತ್ತದೆ. ಅಮೋನಿಯಾ ಏರುತ್ತಾ ಹೋಗುತ್ತದೆ. ಎರಡನೇ ವಾರ ಮೀನು ಮೇಲೆ ಬರುತ್ತದೆ. ಹದಿನೈದು ದಿನದ ಲೆಕ್ಕ ಬಂದದ್ದು ಇಲ್ಲಿಂದ. ಮೂರು ದಿನಕ್ಕೊಮ್ಮೆ ಪೂರ್ತಿ ತೊಳೆಯುವವರ ಟ್ಯಾಂಕು ಎಷ್ಟು ವರ್ಷವಾದರೂ ಹೊಸ ಟ್ಯಾಂಕೇ.

ನಮ್ಮ ಗಡಸು ನೀರಿಗೆ ಇಲ್ಲೊಂದು ಎಚ್ಚರಿಕೆ ಸೇರಿಸಬೇಕು. ಬೋರ್ ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಅಮೋನಿಯಾದಲ್ಲಿ ವಿಷವಾಗಿ ಕೆಲಸ ಮಾಡುವ ಪಾಲು ಸುಮಾರು ಹತ್ತು ಪಟ್ಟು ಆಗುತ್ತದೆ. ಬಿಸಿ ಏರಿದರೆ ಇನ್ನೂ ಜಾಸ್ತಿ. ಅಂದರೆ ಬೇರೆ ಊರಿನವರು ಮಾಡಿ ದಕ್ಕಿಸಿಕೊಳ್ಳುವ ತಪ್ಪು ನಮಗೆ ದಕ್ಕುವುದಿಲ್ಲ.

ಮಾಡುವ ಕ್ರಮ ಹೀಗೆ. ಟ್ಯಾಂಕಿಗೆ ನೀರು ತುಂಬಿ, ಕ್ಲೋರಿನ್ ತೆಗೆದು, ಫಿಲ್ಟರ್ ಮತ್ತು ಪಂಪನ್ನು ಹಗಲೂ ರಾತ್ರಿ ಓಡಿಸಿ. ದಿನಾ ಒಂದು ಚಿಟಿಕೆ ಮೀನಿನ ಕಾಳು ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಪರಿಚಯದವರ ಮನೆಯಲ್ಲಿ ವರ್ಷಗಳಿಂದ ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇದ್ದರೆ, ಅವರ ಫಿಲ್ಟರಿನ ಹಳೇ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಒಣಗಲು ಬಿಡದೆ, ಆ ಟ್ಯಾಂಕಿನ ನೀರಿನಲ್ಲೇ ಅದ್ದಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ತಿಂಗಳ ಕೆಲಸ ಎಷ್ಟೋ ಬೇಗ ಮುಗಿಯುತ್ತದೆ. ಅವರ ಮೀನು ಆರೋಗ್ಯವಾಗಿದೆಯಾ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಸ್ಪಂಜಿನ ಜೊತೆ ಕಾಯಿಲೆಯೂ ಬರುತ್ತದೆ.

ನಡುವೆ ನೀರು ಹಾಲಿನಂತೆ ಮಬ್ಬಾಗಬಹುದು. ಬದಲಾಯಿಸಬೇಡಿ, ತಾನೇ ತಿಳಿಯಾಗುತ್ತದೆ. ವಾರಕ್ಕೆರಡು ಸಲ ಟೆಸ್ಟ್ ಮಾಡಿ. ಅಮೋನಿಯಾ ಏರಿ ಇಳಿಯಬೇಕು, ನೈಟ್ರೈಟ್ ಏರಿ ಇಳಿಯಬೇಕು. ಎರಡೂ ಸೊನ್ನೆ ಬಂದು, ನೈಟ್ರೇಟ್ ಮಾತ್ರ ಕಾಣಿಸಿದ ದಿನ ಹೆಪ್ಪು ಕೂಡಿದೆ ಎಂದು ಅರ್ಥ.

4. ಮೀನು ತರುವುದು

ಅಂಗಡಿಯಲ್ಲಿ ಮೀನು ನೋಡುವ ಮುಂಚೆ ತೊಟ್ಟಿ ನೋಡಿ. ಒಂದು ಸತ್ತ ಮೀನು ತೇಲುತ್ತಿದ್ದರೂ ಆ ತೊಟ್ಟಿಯಿಂದ ತರಬೇಡಿ. ಬೆನ್ನಿನ ರೆಕ್ಕೆ ನಿಗುರಿ ನಿಂತಿರಬೇಕು. ಮೈಮೇಲೆ ಚುಕ್ಕೆ, ಹತ್ತಿಯಂಥದ್ದು, ದಾರದಂಥದ್ದು ಇರಬಾರದು. ಮೂಲೆಯಲ್ಲಿ ಒಂದೇ ಕಡೆ ನಿಂತ ಮೀನಿನ ಮೇಲೆ ಕನಿಕರ ಬೇಡ.

ಯಾವುದರ ಜೊತೆ ಯಾವುದು? ಗೋಲ್ಡ್ ಫಿಶ್ ತಂಪು ನೀರಿನ ಮೀನು, 18ರಿಂದ 24 ಡಿಗ್ರಿ ಅದಕ್ಕೆ ಹಿತ. ಗಪ್ಪಿ, ಮಾಲಿ, ಏಂಜಲ್, ಫೈಟರ್ ಇವಕ್ಕೆ 24ರಿಂದ 28. ಒಂದೇ ಟ್ಯಾಂಕಿನಲ್ಲಿ ಬೆರೆಸಬೇಡಿ. ಮೇಲಾಗಿ ಬೆಳೆದ ಗೋಲ್ಡ್ ಫಿಶ್ ಬಾಯಿಗೆ ಹಿಡಿಸಿದ ಗಪ್ಪಿಯನ್ನು ನುಂಗುತ್ತದೆ. ಉದ್ದ ಮೈಯ ಕಾಮೆಟ್‌ನ ಜೊತೆ ಗುಂಡು ಮೈಯ ಒರಾಂಡಾ ಹಾಕಿದರೆ ಊಟವೆಲ್ಲಾ ಕಾಮೆಟ್‌ಗೇ ಹೋಗುತ್ತದೆ.

"ಗಾಜು ಕ್ಲೀನ್ ಮಾಡುತ್ತೆ" ಅಂತ ಸಕ್ಕರ್ ಫಿಶ್ ಒಂದನ್ನು ಸೇರಿಸಿ ಕೊಡುತ್ತಾರೆ. ಬೇಡ ಅನ್ನಿ. ಅದು ಒಂದೂವರೆ ಅಡಿಯವರೆಗೂ ಬೆಳೆಯುತ್ತದೆ. ನಿದ್ದೆಯಲ್ಲಿರುವ ಗೋಲ್ಡ್ ಫಿಶ್‌ನ ಮೈಗೆ ಅಂಟಿ ಲೋಳೆ ಹೀರುತ್ತದೆ. ಕೊನೆಗೆ ಇಡಲಾಗದೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ದಯವಿಟ್ಟು ಯಾವ ಟ್ಯಾಂಕಿನ ಮೀನನ್ನೂ ಕೆರೆಗೆ, ಕಲ್ಯಾಣಿಗೆ ಬಿಡಬೇಡಿ. ವರ್ಷಗಟ್ಟಲೆ ಒಣಗಿದ್ದ ನಮ್ಮ ಕೆರೆಗಳಿಗೆ ಈಗಷ್ಟೇ ನೀರು ಬಂದು ಮೀನು ಸಾಕಣೆ ಮತ್ತೆ ಶುರುವಾಗಿದೆ. ಸಕ್ಕರ್ ಸೇರಿಕೊಂಡರೆ ಬೇರೆ ಮೀನಿನ ಮೊಟ್ಟೆ ತಿನ್ನುತ್ತದೆ, ಅದರ ಮುಳ್ಳಿಗೆ ಬಲೆ ಹರಿಯುತ್ತದೆ.

ಮನೆಗೆ ತಂದ ಮೇಲೆ ಕವರನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಡಿ. ಎರಡೂ ಕಡೆಯ ಬಿಸಿ ಒಂದಾಗಲಿ. ಆಮೇಲೆ ಬಿಚ್ಚಿ, ಐದೈದು ನಿಮಿಷಕ್ಕೆ ಒಂದು ಲೋಟ ಟ್ಯಾಂಕಿನ ನೀರನ್ನು ಕವರಿಗೆ ಹಾಕಿ. ಅಂಗಡಿಯ ನೀರಿಗೂ ನಿಮ್ಮ ಬೋರ್ ನೀರಿಗೂ ಟಿಡಿಎಸ್ ಅಜಗಜಾಂತರ ಇರಬಹುದು, ಅವಸರ ಬೇಡ. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಟ್ಯಾಂಕಿಗೆ ಸೇರಬಾರದು.

ಮನೆಯಲ್ಲಿ ಮೊದಲೇ ಮೀನಿದ್ದರೆ, ಹೊಸದನ್ನು ಮೂರು ವಾರ ಬೇರೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಏರ್ ಪಂಪ್ ಹಾಕಿ ಇಡಿ. ಇದಕ್ಕೆ ಕ್ವಾರಂಟೈನ್ ಎನ್ನುತ್ತಾರೆ. ಕೊರೊನಾ ಬಂದುಹೋದ ಮೇಲೆ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

5. ಊಟ

ಗೋಲ್ಡ್ ಫಿಶ್‌ಗೆ ಹೊಟ್ಟೆಯ ಚೀಲ ಇಲ್ಲ, ನೇರ ಕರುಳು. ತಿಂದದ್ದು ಹಿಡಿದಿಟ್ಟುಕೊಳ್ಳಲು ಜಾಗವಿಲ್ಲ. ಅದಕ್ಕೇ ಯಾವಾಗಲೂ ಹಸಿದಂತೆ ಗಾಜಿನ ಹತ್ತಿರ ಬಂದು ಕುಣಿಯುತ್ತದೆ. ಆ ನಾಟಕಕ್ಕೆ ಮರುಳಾಗಬೇಡಿ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಸುವಷ್ಟು, ಅಷ್ಟೇ. ಮುಳುಗುವ ಕಾಳು ಒಳ್ಳೆಯದು. ತೇಲುವ ಕಾಳಾದರೆ ಹಾಕುವ ಮುಂಚೆ ಸ್ವಲ್ಪ ಹೊತ್ತು ನೆನೆಸಿ, ಇಲ್ಲದಿದ್ದರೆ ಮೀನು ಗಾಳಿಯನ್ನೂ ನುಂಗುತ್ತದೆ. ವಾರಕ್ಕೊಂದು ದಿನ ಉಪವಾಸ ಇರಲಿ. ಒಂದು ದಿನ ಸಿಪ್ಪೆ ತೆಗೆದು ಬೇಯಿಸಿದ ಹಸಿ ಬಟಾಣಿ ಕೊಡಿ.

ಕಡಲೆಪುರಿ, ಅನ್ನ, ಬಿಸ್ಕತ್ತು, ಬ್ರೆಡ್ಡು ಯಾವುದೂ ಬೇಡ. ದೇವಸ್ಥಾನದ ಕಲ್ಯಾಣಿಯಲ್ಲಿ ಪುರಿ ಎಸೆದು ಅಭ್ಯಾಸವಾದ ಕೈ ಸುಮ್ನೆ ಇರಲ್ಲ, ಗೊತ್ತು. ಊಟ ಹಾಕುವ ಕೆಲಸ ಮನೆಯಲ್ಲಿ ಒಬ್ಬರಿಗೇ ಇರಲಿ. ಅಜ್ಜಿ ಒಂದು ಸಲ, ಮೊಮ್ಮಗ ಒಂದು ಸಲ, ಬಂದ ನೆಂಟರು ಒಂದು ಸಲ ಅಂತ ಹಾಕಿದರೆ ಆ ವಾರವೇ ಅಮೋನಿಯಾ ಏರುತ್ತದೆ.

6. ವಾರದ ಕೆಲಸ

ಭಾನುವಾರ ಅರ್ಧ ಗಂಟೆ ಸಾಕು. ಸೈಫನ್ ಪೈಪಿನಿಂದ ತಳದ ಹಿಕ್ಕೆ ಎಳೆಯುತ್ತಾ ನಾಲ್ಕನೇ ಒಂದು ಭಾಗ ನೀರು ತೆಗೆಯಿರಿ. ಆ ನೀರು ಕರಿಬೇವಿನ ಗಿಡಕ್ಕೆ ಒಳ್ಳೆಯ ಗೊಬ್ಬರ. ಮುನ್ನಾದಿನ ಹಿಡಿದಿಟ್ಟ ನೀರನ್ನು ನಿಧಾನವಾಗಿ ಹಾಕಿ. ಬಿಸಿ ಹೆಚ್ಚೂಕಡಿಮೆ ಒಂದೇ ಇರಲಿ.

ಫಿಲ್ಟರ್ ಸ್ಪಂಜನ್ನು ತಿಂಗಳಿಗೊಮ್ಮೆ, ತೆಗೆದ ಟ್ಯಾಂಕಿನ ನೀರಿನಲ್ಲೇ ಎರಡು ಮೂರು ಸಲ ಹಿಂಡಿ, ವಾಪಸ್ ಹಾಕಿ. ನಲ್ಲಿ ಕೆಳಗೆ ಹಿಡಿಯಬೇಡಿ. ಶುರುವಿನಲ್ಲಿ ನಾನೂ ಸ್ಪಂಜನ್ನು ಕ್ಲೋರಿನ್ ನೀರಿನಲ್ಲಿ ಬೆಳ್ಳಗೆ ತೊಳೆದು, ಒಂದೇ ವಾರದಲ್ಲಿ ನಾಲ್ಕು ಮೀನು ಕಳೆದುಕೊಂಡೆ. ಸ್ಪಂಜು ಕಂದು ಬಣ್ಣಕ್ಕೆ ಇರುವುದೇ ಸರಿ.

ನಮ್ಮ ಕಡೆಯವರು ಗಮನಿಸಬೇಕಾದ ಎರಡು ವಿಷಯ. ಒಂದು, ಬೇಸಿಗೆಯಲ್ಲಿ ನೀರು ಆರಿ ಮಟ್ಟ ಇಳಿಯುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರ್ ನೀರು ತುಂಬಿಸುತ್ತಾ ಹೋದರೆ ಟಿಡಿಎಸ್ ಏರುತ್ತಲೇ ಇರುತ್ತದೆ. ಆರಿದ್ದನ್ನು ತುಂಬಿಸಲು ಮಾತ್ರ ಆರ್‌ಒ ನೀರು ಹಾಕಿ. ಕ್ಯಾನ್ ನೀರು ಸರಿಯಾಗಿ ಕೆಲಸಕ್ಕೆ ಬರುವುದು ಇಲ್ಲಿ. ಎರಡು, ಬೋರ್ ನೀರಿನಲ್ಲೇ ನೈಟ್ರೇಟ್ ಇರುವ ಜಾಗಗಳು ನಮ್ಮ ಜಿಲ್ಲೆಗಳಲ್ಲಿ ಇವೆ. ಹೊಲದ ಗೊಬ್ಬರ, ಚರಂಡಿ ಇಂಗಿ ಬಂದದ್ದು. ಬಕೆಟ್ ನೀರನ್ನೇ ಒಮ್ಮೆ ಟೆಸ್ಟ್ ಮಾಡಿ. ಅಲ್ಲೇ 40 ತೋರಿಸಿದರೆ, ಎಷ್ಟು ನೀರು ಬದಲಿಸಿದರೂ ಇಳಿಯುವುದಿಲ್ಲ. ಆಗ ಮನಿ ಪ್ಲಾಂಟ್ ಬಳ್ಳಿಯ ಬೇರನ್ನು ನೀರಿಗೆ, ಎಲೆಯನ್ನು ಹೊರಕ್ಕೆ ಬಿಟ್ಟು ನೇತುಹಾಕಿ. ಅದು ನೈಟ್ರೇಟ್ ತಿಂದು ಬೆಳೆಯುತ್ತದೆ. ಎಲೆ ಹೊರಗಿರುವುದರಿಂದ ಗೋಲ್ಡ್ ಫಿಶ್ ಅದನ್ನು ಬೋಳಿಸಲಾರದು.

ಗಾಜಿನ ಮೇಲಂಚಿಗೆ ಕಟ್ಟುವ ಬಿಳಿ ಗಾರೆಗೆ ನಿಂಬೆಹಣ್ಣಿನ ಹೋಳು ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಜು ಒರೆಸುವ ಬಾಟಲಿ ದ್ರವ ಹತ್ತಿರವೂ ಬರಬಾರದು.

7. ಬಿಸಿಲು, ಚಳಿ, ಕರೆಂಟು, ಸೊಳ್ಳೆ ಔಷಧಿ

ಏಪ್ರಿಲ್‌ನಲ್ಲಿ ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮುಚ್ಚಳ ತೆಗೆದು ಬಲೆ ಹೊದಿಸಿ, ಲೈಟ್ ಆರಿಸಿ, ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ಬಿಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ಗಡ್ಡೆ ನೇರವಾಗಿ ಹಾಕಬೇಡಿ.

ಡಿಸೆಂಬರ್, ಜನವರಿಯಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ರಾತ್ರಿ ಚಳಿ ಗೋಲ್ಡ್ ಫಿಶ್‌ಗೆ ಏನೂ ಮಾಡದು. ಊಟ ಸ್ವಲ್ಪ ಕಡಿಮೆ ಮಾಡಿದರೆ ಸಾಕು. ಗಪ್ಪಿ, ಫೈಟರ್, ಏಂಜಲ್ ಇದ್ದರೆ ಮಾತ್ರ ಹೀಟರ್ ಬೇಕು, ಒಂದು ಲೀಟರ್ ನೀರಿಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ. ನೀರು ಬದಲಿಸುವಾಗ ಹೀಟರ್ ಆರಿಸಲು ಮರೆತರೆ ಗಾಜು ಒಡೆಯುತ್ತದೆ.

ಕರೆಂಟ್ ಒಂದು ಗಂಟೆ ಹೋದರೆ ಚಿಂತೆಯಿಲ್ಲ. ಅರ್ಧ ದಿನ ಹೋದರೆ ಮೀನಿಗೂ ಉಸಿರುಗಟ್ಟುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾವೂ ಸಾಯುತ್ತದೆ. ಸಣ್ಣ ಏರ್ ಪಂಪಿಗೆ ಕೆಲವೇ ವ್ಯಾಟ್ ಸಾಕು, ಯುಪಿಎಸ್ ಲೈನಿಗೆ ಹಾಕಿಸಿ. ಇಲ್ಲವೇ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಎರಡೂ ಇಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಮಗ್ಗಿನಲ್ಲಿ ನೀರೆತ್ತಿ ಮೇಲಿಂದ ಸುರಿಯಿರಿ. ಕರೆಂಟ್ ಇಲ್ಲದಾಗ ಊಟ ಹಾಕಬೇಡಿ.

ರೇಷ್ಮೆ ಹುಳು ಸಾಕಿದ ಮನೆಯವರಿಗೆ ಮುಂದಿನ ಮಾತು ಹೇಳಬೇಕಾಗಿಲ್ಲ. ಹುಳು ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತೀರಾ? ಮೀನಿನ ಕೋಣೆಯಲ್ಲೂ ಬೇಡ. ಬತ್ತಿ, ಲಿಕ್ವಿಡ್, ಜಿರಲೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಔಷಧಿ ನಮಗೆ ಅಷ್ಟು ಮಾಡದಿದ್ದರೂ ಮೀನಿಗೆ ಭಾರೀ ವಿಷ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುವುದು, ನೆನಪಿರಲಿ. ಟೊಮೆಟೊಗೆ ಔಷಧಿ ಹೊಡೆದು ಬಂದವರು ಸ್ನಾನ ಮಾಡದೆ ಟ್ಯಾಂಕಿಗೆ ಕೈ ಹಾಕಬಾರದು.

8. ಕಾಯಿಲೆ ಅಂತ ಅನಿಸಿದಾಗ

ಮೊದಲ ಕೆಲಸ ಔಷಧಿ ಅಂಗಡಿಗೆ ಓಡುವುದಲ್ಲ. ನೀರು ಟೆಸ್ಟ್ ಮಾಡಿ, ಮೂರನೇ ಒಂದು ಭಾಗ ಬದಲಾಯಿಸಿ, ಪಂಪ್ ಜೋರು ಮಾಡಿ, ಒಂದು ದಿನ ಊಟ ನಿಲ್ಲಿಸಿ. ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತದೆ.

ಮೇಲೆ ಬಂದು ಬಾಯಿ ಬಿಡುತ್ತಿದ್ದರೆ: ಆಮ್ಲಜನಕ ಕಡಿಮೆ, ಅಥವಾ ಅಮೋನಿಯಾ, ನೈಟ್ರೈಟ್, ಕ್ಲೋರಿನ್. ಎಲ್ಲಕ್ಕೂ ಉತ್ತರ ಒಳ್ಳೆಯ ನೀರು. ನೈಟ್ರೈಟ್ ಕಂಡರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ದಿನದಲ್ಲಿ ಎರಡು ಮೂರು ಸಲವಾಗಿ ಹಾಕಿ. ಉಪ್ಪು ಆರಿಹೋಗುವುದಿಲ್ಲ. ಆಮೇಲೆ 30 ಲೀಟರ್ ನೀರು ಬದಲಿಸಿದರೆ 30 ಲೀಟರಿನ ಉಪ್ಪು ಮಾತ್ರ ಸೇರಿಸಿ.

ಸಕ್ಕರೆ ಉದುರಿಸಿದಂತೆ ಮೈ, ರೆಕ್ಕೆ ಮೇಲೆ ಬಿಳಿ ಚುಕ್ಕೆ: ಇದು 'ಇಕ್' ಎಂಬ ಪರೋಪಜೀವಿ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಚುಕ್ಕೆಯ ಒಳಗಿರುವಾಗ ಅದಕ್ಕೆ ಯಾವ ಔಷಧಿಯೂ ತಾಗದು. ಚುಕ್ಕೆ ಉದುರಿ, ತಳದಲ್ಲಿ ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಅದಕ್ಕೇ ಮೂರನೇ ದಿನ ಚುಕ್ಕೆ ಮಾಯವಾಯಿತು ಅಂತ ನಿಲ್ಲಿಸಿದವರಿಗೆ ಮುಂದಿನ ವಾರ ಎರಡು ಪಟ್ಟು ಬರುತ್ತದೆ. ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28ಕ್ಕೆ ಏರಿಸಿ, ಗಾಳಿ ಜಾಸ್ತಿ ಕೊಟ್ಟು, ಗೋಲ್ಡ್ ಫಿಶ್‌ಗೆ ಲೀಟರಿಗೆ 2ರಿಂದ 3 ಗ್ರಾಂ ಉಪ್ಪನ್ನು ಎರಡು ದಿನದಲ್ಲಿ ಹಂತಹಂತವಾಗಿ ಕೊಡಿ. ಮ್ಯಾಲಕೈಟ್ ಗ್ರೀನ್ ಇರುವ ಔಷಧಿ ಹಾಕುವುದಾದರೆ ಬಾಟಲಿಯ ಅಳತೆ ಮೀರಬೇಡಿ, ಕೈಗವಸು ಹಾಕಿ. ಏನೇ ಮಾಡಿದರೂ ಹತ್ತರಿಂದ ಹದಿನಾಲ್ಕು ದಿನ ಮಾಡಿ.

ಆದರೆ ನಿಲ್ಲಿ. ಚುಕ್ಕೆ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿ ಇದೆಯಾ? ಮೀನು ಚುರುಕಾಗಿದೆಯಾ? ಹಾಗಾದರೆ ನಿಮ್ಮದು ಪ್ರಾಯಕ್ಕೆ ಬಂದ ಗಂಡು ಮೀನು, ಅಷ್ಟೇ. ಈ ಮೊಡವೆಗೆ ಔಷಧಿ ಸುರಿದು ಮೀನು ಕಳೆದುಕೊಂಡವರಿದ್ದಾರೆ.

ರೆಕ್ಕೆ, ಬಾಲದ ಅಂಚು ಬೆಳ್ಳಗಾಗಿ ಹರಿದುಹೋಗುವುದು: ಕೊಳಕು ನೀರಿನಲ್ಲಿ ಬರುವ ಬ್ಯಾಕ್ಟೀರಿಯಾ. ಎರಡು ವಾರ, ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ರೆಕ್ಕೆ ಮತ್ತೆ ಬೆಳೆಯುತ್ತದೆ.

ತಲೆಕೆಳಗಾಗಿ ತೇಲುವುದು: ಗುಂಡು ಮೈಯ ಜಾತಿಗಳಲ್ಲಿ ಜಾಸ್ತಿ. ಒಳಗಿನ ಗಾಳಿಚೀಲದ ಹಿಡಿತ ತಪ್ಪಿರುತ್ತದೆ. ಎರಡು ಮೂರು ದಿನ ಉಪವಾಸ, ಆಮೇಲೆ ಬಟಾಣಿ. ಮಲಬದ್ಧತೆಯಿಂದ ಆಗಿದ್ದರೆ ಸರಿಹೋಗುತ್ತದೆ.

ಮೈಯಿಂದ ದಾರದಂತೆ ಹುಳು ನೇತಾಡುವುದು: ಆಂಕರ್ ವರ್ಮ್. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು ಚಿಮುಟದಿಂದ ಬುಡ ಸಮೇತ ಕೀಳಿ. ಮರಿಗಳು ನೀರಿನಲ್ಲಿರುತ್ತವೆ, ಟ್ಯಾಂಕಿಗೂ ಔಷಧಿ ಬೇಕಾಗುತ್ತದೆ.

ಹೊಟ್ಟೆ ಊದಿ, ಹುರುಪೆಗಳು ಹಲಸಿನ ಹಣ್ಣಿನ ಮುಳ್ಳಿನಂತೆ ಎದ್ದು ನಿಂತರೆ: ಒಳಗಿನ ಅಂಗ ಕೆಟ್ಟಿದೆ. ಸುಳ್ಳು ಭರವಸೆ ಕೊಡಲಾರೆ. ಉಳಿಯುವುದು ಅಪರೂಪ. ಬೇರೆ ಟಬ್ಬಿಗೆ ಹಾಕಿ.

ಮನುಷ್ಯರಿಗೆ ಕೊಡುವ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ಟ್ಯಾಂಕಿಗೆ ಸುರಿಯುವ ಪದ್ಧತಿ ಇದೆ. ನೀಲಿ ಬಣ್ಣದ ಮೆಥಿಲೀನ್ ಬ್ಲೂ ಎಲ್ಲದಕ್ಕೂ ಹಾಕುವವರೂ ಇದ್ದಾರೆ. ಎರಡೂ ನೀವು ತಿಂಗಳಿಡೀ ಕಾದು ಹಾಕಿದ ಹೆಪ್ಪನ್ನು ಕೆಡಿಸಬಲ್ಲವು. ಔಷಧಿ ಏನೇ ಇದ್ದರೂ, ಆದಷ್ಟು ಬೇರೆ ಟಬ್ಬಿನಲ್ಲಿ ಕೊಡಿ.

9. ಊರಿಗೆ ಹೋಗುವಾಗ

ಯುಗಾದಿಗೋ ಜಾತ್ರೆಗೋ ಮೂರು ನಾಲ್ಕು ದಿನ ಹೋಗುವುದಾದರೆ ಊಟ ಹಾಕದೆ ಹೋಗಿ. ಬೆಳೆದ, ಆರೋಗ್ಯವಾದ ಗೋಲ್ಡ್ ಫಿಶ್ ಒಂದು ವಾರ ಉಪವಾಸ ಇದ್ದರೂ ಏನೂ ಆಗದು. ಹೋಗುವ ಹಿಂದಿನ ದಿನ ಜಾಸ್ತಿ ಹಾಕಿ ಹೋಗುವುದೇ ಅಪಾಯ. ಟ್ಯಾಂಕಿನಲ್ಲಿ ಕರಗುವ 'ರಜೆಯ ಊಟ'ದ ಬಿಳಿ ಗಟ್ಟಿಯೂ ಬೇಡ.

ಮೇನ್ ಸ್ವಿಚ್ ಆರಿಸಿ ಹೋಗುವ ಅಭ್ಯಾಸ ಇರುವವರು ಫಿಲ್ಟರಿನ ಲೈನ್ ಮಾತ್ರ ಬಿಡಿ. ಹತ್ತು ದಿನಕ್ಕಿಂತ ಜಾಸ್ತಿಯಾದರೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಡಿ. ಎರಡು ದಿನಕ್ಕೊಂದರಂತೆ ಕಾಳನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ತಾರೀಖು ಬರೆದು ಅವರ ಕೈಗಿಡಿ. ಮಿಕ್ಕ ಕಾಳಿನ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿಕೊಂಡು ಹೋಗಿ.